ದೋಸೆ ಹಿಟ್ಟಿನಿಂದ ಲ್ಯಾಬಿನವರೆಗೆ: ಮೈಕ್ರೋಬಯಾಲಜಿಗೆ ಹೋಗೋದು ಹೇಗೆ?

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಯಾಕೆ ಉಕ್ಕಿರುತ್ತದೆ? ಚಿಕ್ಕಂದಿನಲ್ಲಿ ಇದನ್ನು ಕೇಳಿ 'ಹುಳಿ ಬಂದಿದೆ, ಅಷ್ಟೇ' ಅನ್ನಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದು ಲ್ಯೂಕೋನೋಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳ ಕೆಲಸ. ಅಕ್ಕಿ, ಉದ್ದಿನ ಜೊತೆಗೇ ಬಂದು ಅನಿಲ ಬಿಡುತ್ತವೆ. ಇಂಥ ಕಣ್ಣಿಗೆ ಕಾಣದ ಜೀವಿಗಳನ್ನು ಓದುವ ವಿಜ್ಞಾನವೇ ಮೈಕ್ರೋಬಯಾಲಜಿ.

ಮೊದಲ ಪ್ರಯೋಗ ಅಡುಗೆಮನೆಯಲ್ಲೇ ಮಾಡಿ. ಒಂದೇ ಹಿಟ್ಟನ್ನು ಮೂರು ಗಾಜಿನ ಲೋಟಕ್ಕೆ ಅರ್ಧರ್ಧ ಹಾಕಿ. ಒಂದು ಫ್ರಿಜ್ಜಿನಲ್ಲಿ, ಒಂದು ಕಟ್ಟೆ ಮೇಲೆ, ಇನ್ನೊಂದು ಬೆಚ್ಚಗಿರೋ ಜಾಗದಲ್ಲಿ. ಲೋಟಕ್ಕೆ ಟೇಪ್ ಅಂಟಿಸಿ, ಎರಡೆರಡು ಗಂಟೆಗೆ ಮಟ್ಟ ಗುರುತು ಹಾಕಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜಾಗ ಬದಲಾಯಿಸಿದ ಮೇಲೆ ಉಪ್ಪನ್ನೂ ಹೆಚ್ಚು ಕಮ್ಮಿ ಮಾಡಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಆಮೇಲೆ ಕೆರೆ ನೀರು. ಮನು ಪ್ರಕಾಶ್ ಮತ್ತು ಸಂಗಡಿಗರು ಮಾಡಿದ ಫೋಲ್ಡ್‌ಸ್ಕೋಪ್ ಅನ್ನೋ ಕಾಗದದ ಸೂಕ್ಷ್ಮದರ್ಶಕ ಸಾಕು, ಒಂದು ಹನಿಯಲ್ಲೇ ಓಡಾಡೋ ಜೀವಿಗಳು ಕಾಣುತ್ತವೆ. 1683ರಲ್ಲಿ ಹಲ್ಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಾ ಕಂಡ ಲೇವನ್‌ಹುಕ್ ಕೂಡ ಬಟ್ಟೆ ವ್ಯಾಪಾರಿ, ಡಿಗ್ರಿ ಇರಲಿಲ್ಲ. ಆದರೆ ವಿಡಿಯೋ ನೋಡಿಕೊಂಡು ಟಾಯ್ಲೆಟ್ ಒರೆಸಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ಮನೆಯಲ್ಲಿ ಪ್ಲೇಟಿನಲ್ಲಿ ಬೆಳೆಸೋದು ಬೇಡ. ಏನು ಬೆಳೆದಿದೆ ಅಂತ ನಿಮಗೆ ಗೊತ್ತಿರಲ್ಲ.

ಪಿಯುಸಿಯಲ್ಲಿ ಬಯಾಲಜಿ ಇರಲಿ. 'ಮೆಡಿಕಲ್ ಸೀಟು ಸಿಗಲಿಲ್ವಾ?' ಅಂತ ನೆಂಟರು ಕೇಳೇ ಕೇಳುತ್ತಾರೆ, ಸುಮ್ನೆ ನಗಿ. ಬಿಎಸ್ಸಿಗೆ ಕಾಲೇಜು ಹುಡುಕುವಾಗ ಸೀನಿಯರ್‌ಗಳನ್ನು ಒಂದೇ ಮಾತು ಕೇಳಿ: ಪ್ರಾಕ್ಟಿಕಲ್ ನೀವೇ ಮಾಡ್ತೀರಾ, ಬರೀ ನೋಡ್ತೀರಾ? ಸ್ಟ್ರೀಕಿಂಗ್, ಅಂದರೆ ಬ್ಯಾಕ್ಟೀರಿಯಾಗಳನ್ನು ಪ್ಲೇಟಿನ ಮೇಲೆ ಗೆರೆ ಎಳೆದು ಹರಡೋದು, ಕೈಗೆ ಬರಬೇಕು. ತಂತಿಯ ಲೂಪ್ ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಅದಕ್ಕೆ ಬ್ಯಾಕ್ಟೀರಿಯಾ ತಾಗಿಸಿಕೊಂಡು, ಪ್ಲೇಟಿನಲ್ಲಿರೋ ಜೆಲ್ಲಿಯಂಥ ಅಗಾರ್ ಸೀಳಿಹೋಗದ ಹಾಗೆ ಗೆರೆ ಎಳೆಯಬೇಕು. ನಾನು ಮೊದಲ ಸಲ ಆರಲು ಬಿಡಲಿಲ್ಲ, ಬ್ಯಾಕ್ಟೀರಿಯಾ ಬೆಂದು ಮಾರನೇ ದಿನ ಪ್ಲೇಟು ಖಾಲಿ! ಪ್ಲೇಟನ್ನು ಬೋರಲಾಗಿ ಇಡಿ, ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಎಲ್ಲಾ ಕಲಸಿಹೋಗುತ್ತದೆ.

ಮುಂದಿನದು ಪರೀಕ್ಷೆಗಳ ದಾರಿ. ಎಂಎಸ್ಸಿಗೆ ಸೇರಲು ಜಾಮ್ ಅಥವಾ ಗ್ಯಾಟ್-ಬಿ, ಪಿಎಚ್‌ಡಿಗೆ ನೆಟ್ ಅಥವಾ ಗೇಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಐಐಎಸ್ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಮೈಕ್ರೋಬಯಾಲಜಿಗೆ ವಿಭಾಗವಿದೆ. ಹಿಟ್ಟಿನ ಹುಚ್ಚು ಬಿಡದಿದ್ದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನೋಡಿ.

ಅದಕ್ಕೂ ಮೊದಲು ಒಂದು ಬೇಸಿಗೆ ಯಾವುದಾದರೂ ಲ್ಯಾಬಿನಲ್ಲಿ ಕಳೆಯಿರಿ. ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ, ಪ್ರೊಫೆಸರ್‌ಗಳಿಗೆ ನೇರವಾಗಿ ಮೇಲ್ ಕೂಡ ಬರೆಯಿರಿ. ಅವರ ಒಂದು ಸಂಶೋಧನಾ ಪೇಪರ್ ಓದಿ, ಅರ್ಥವಾಗದ ಒಂದು ಪ್ರಶ್ನೆ ಕೇಳಿ, ಎಂಟು ಸಾಲಿಗೆ ಮುಗಿಸಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕಳಿಸಿ, ನಾಚಿಕೆ ಬೇಡ.