ಅಂಗಳಕ್ಕೆ ಡಾಂಬರು: ಬಿಸಿ ಆರುವ ಮುಂಚೆ ರೋಲರ್ ಓಡಲಿ

ಸಿಂಧನೂರು, ಗಂಗಾವತಿ ಕಡೆ ಅಕ್ಕಿ ಮಿಲ್ಲಿನ ಅಂಗಳಕ್ಕೆ ಡಾಂಬರು ಹಾಕಿಸುತ್ತಾರೆ. ಎಷ್ಟೋ ಕಡೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಡಿ ಎದ್ದು ಬಂದಿರುತ್ತದೆ. ಎಲ್ಲರೂ ಡಾಂಬರನ್ನೇ ಬೈಯುತ್ತಾರೆ. ಆದರೆ ಮಾಲಿನ, ಅಂದರೆ ಹಾಸುವ ಬಿಸಿ ಮಿಶ್ರಣದ, ತೂಕದಲ್ಲಿ ಡಾಂಬರು ನೂರಕ್ಕೆ ಸುಮಾರು 5 ಪಾಲು, ಉಳಿದದ್ದು ಕಡಿ ಮತ್ತು ಕಲ್ಲಿನ ಪುಡಿ. ಆ ಅಂಟು ಬಿಸಿ ಇರುವಾಗಲೇ ಕಡಿಯನ್ನು ಒತ್ತಿ ಕೂರಿಸಬೇಕು.

ಮೊದಲು ನೆಲ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದನ್ನು ತೆಗೆಸಿ, ಗರಸು ಮತ್ತು ಕಡಿ ಹಾಕಿ ಗಟ್ಟಿ ಮಾಡಿಸಿ. ಮೀಟರಿಗೆ ಎರಡು ಸೆಂ.ಮೀ. ಇಳಿಜಾರು ಇರಲಿ. ಧೂಳು ಗುಡಿಸಿ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಸಿಂಪಡಿಸಿ. ಅದು ಕಂದು ಬಣ್ಣದಿಂದ ಕಪ್ಪಾಗುವವರೆಗೆ ಕಾಯಿರಿ.

ಡಾಂಬರಿಗೆ ಗಟ್ಟಿತನದ ಲೆಕ್ಕದಲ್ಲಿ ವಿಜಿ ಎಂಬ ದರ್ಜೆಗಳಿವೆ, ವಿಜಿ-30 ಕೇಳಿ. ಲೋಡ್ ಲಾರಿ ಜಾಸ್ತಿ ಓಡಾಡುವುದಾದರೆ ವಿಜಿ-40. ಮೆತ್ತಗಿನ ವಿಜಿ-10 ನಮ್ಮ ಬಿಸಿಲಿಗೆ ಬೇಡವೇ ಬೇಡ. ಡ್ರಮ್ಮಿಗೆ ಕಟ್ಟಿಗೆ ಉರಿ ಹಚ್ಚಿ ಅಲ್ಲೇ ಕಾಯಿಸುವವರಿಗೆ ಕೆಲಸ ಕೊಡಬೇಡಿ. ಅತಿಯಾಗಿ ಕಾದ ಡಾಂಬರು ಅಂಟು ಕಳೆದುಕೊಂಡು ಪೆಡಸಾಗುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ವಿಜಿ-30 ಮಾಲು ಅದನ್ನು ಕಲಸುವ ಪ್ಲಾಂಟಿನಿಂದ 150ರಿಂದ 165 ಡಿಗ್ರಿ ಬಿಸಿಯಲ್ಲಿ ಹೊರಡುತ್ತದೆ. ಲಾರಿಗೆ ತಾಡಪಾಲು ಮುಚ್ಚಿರಬೇಕು. ಬಂದ ತಕ್ಷಣ ರಾಶಿಯೊಳಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಹರಡುವಾಗ 140 ಡಿಗ್ರಿ ಇರಬೇಕು, ಇಲ್ಲದಿದ್ದರೆ ವಾಪಸ್ ಕಳಿಸಿ. ಚಹಾ ಕುಡಿದು ಬರ್ತೀವಿ ಅಂದರೆ ಒಪ್ಪಬೇಡಿ. 90 ಡಿಗ್ರಿಗೆ ಇಳಿಯುವ ಮುಂಚೆ ರೋಲರ್ ಕೆಲಸ ಮುಗಿಯಲೇಬೇಕು. ತೆಳು ಪದರಕ್ಕೆ ಗಾಳಿ ಬಡಿದರೆ ಇನ್ನೂ ಬೇಗ ಆರುತ್ತದೆ. 5 ಸೆಂ.ಮೀ. ದಪ್ಪ ಬೇಕಿದ್ದರೆ 6 ಸೆಂ.ಮೀ.ಗಿಂತ ತುಸು ಜಾಸ್ತಿಯೇ ಹರಡಿಸಿ, ರೋಲರ್ ಕೆಳಗೆ ಅಷ್ಟು ಕುಗ್ಗುತ್ತದೆ. ರೋಲರ್ ತಗ್ಗಿನ ಅಂಚಿನಿಂದ ಶುರುವಾಗಿ ಎತ್ತರದ ಕಡೆಗೆ ಸರಿಯಲಿ. ನಡಿಗೆಯ ವೇಗ ಸಾಕು. ಬಿಸಿ ಪದರದ ಮೇಲೆ ಅದನ್ನು ನಿಲ್ಲಿಸಿದರೆ ತಗ್ಗು ಬೀಳುತ್ತದೆ. ಚಕ್ರಕ್ಕೆ ಮಾಲು ಅಂಟದಂತೆ ನೀರು ಹಚ್ಚಿ. ಡೀಸೆಲ್ ಹಚ್ಚುವ ಚಾಳಿ ಇದೆ, ಅದು ಡಾಂಬರನ್ನೇ ಕರಗಿಸುತ್ತದೆ. ಗೋಡೆ ಪಕ್ಕ, ಮೂಲೆಗಳಿಗೆ ರೋಲರ್ ಹೋಗದು. ಅಲ್ಲಿಗೆ ಪ್ಲೇಟ್ ಕಂಪ್ಯಾಕ್ಟರ್, ಅಂದರೆ ಅದುರುತ್ತಾ ಒತ್ತುವ ಸಣ್ಣ ಯಂತ್ರ, ಬಾಡಿಗೆಗೆ ತನ್ನಿ. ಆರಿದ ಮೇಲೆ ಸಂದಿ ಕಂಡರೆ ಸುಮ್ನೆ ಕಲ್ಲಿನ ಪುಡಿ ಉದುರಿಸಿ ಮುಚ್ಚುತ್ತಾರೆ. ಮೊದಲ ಮಳೆಗೇ ಅದು ತೊಳೆದು ಹೋಗುತ್ತದೆ.

ಕೆಲಸದವರಿಗೆ ಬೂಟು, ಕೈಗವಸು, ಕುಡಿಯಲು ತಣ್ಣೀರು ಮೊದಲೇ ತಂದಿಡಿ.

ಮಾರನೆಯ ದಿನದವರೆಗೂ ಲೋಡ್ ಲಾರಿ ಬಿಡಬೇಡಿ. ಆಮೇಲೂ ಜಾಕ್ ಹಾಕುವಾಗ ಕೆಳಗೆ ಹಲಗೆ ಇಡಿ. ಡೀಸೆಲ್ ಸೋರುವ ಗಾಡಿಯನ್ನು ಡಾಂಬರಿನ ಹೊರಗೇ ನಿಲ್ಲಿಸಿ.