ಇಂಗ್ಲಿಷ್ ಪ್ಯಾಸಿವ್‌ನಲ್ಲಿ ಪ್ರಶ್ನೆ ಕೇಳೋದು ಹೇಗೆ: ‘ಬಿ’ ಇದ್ದಲ್ಲೇ ಇರ್ಲಿ

ಕಾರವಾರದಿಂದ ಶಿರಸಿವರೆಗೆ ಯಾವ ಪಿಯುಸಿ ಮಕ್ಕಳ ಇಂಗ್ಲಿಷ್ ನೋಟ್ಸ್ ತೆಗೆದು ನೋಡಿದ್ರೂ ಪ್ಯಾಸಿವ್ ವಾಯ್ಸ್ (ಕೆಲ್ಸ ಮಾಡಿದವ್ರ ಬದ್ಲು ಕೆಲ್ಸ ಯಾವುದಕ್ಕೆ ಆಯ್ತೋ ಅದನ್ನ ಮುಂದಿಟ್ಟು ಹೇಳೋ ವಾಕ್ಯ) ಪಾಠದಲ್ಲಿ ಕೆಂಪು ಶಾಯಿ ಬೀಳೋ ಜಾಗ ಒಂದೇ. ‘ದ ಫಾರ್ಮ್ ಈಸ್ ಸಬ್ಮಿಟೆಡ್’ ತನಕ ಸಲೀಸಾಗಿ ಬರ್ತಾರೆ, ‘ದ ಫಾರ್ಮ್ ಶುಡ್ ಬಿ ಸಬ್ಮಿಟೆಡ್’ ಅಂತಾನೂ ಬರೀತಾರೆ, ಆದ್ರೆ ಅದಕ್ಕೆ ಮುಂದೆ ಒಂದು ವೆನ್ನೋ ವೇರೋ ಹೌವೋ ಬಂದು ಸೇರ್ಕೊಂಡ್ರೆ ವಾಕ್ಯ ದಿಕ್ಕಾಪಾಲು. ‘ವೆನ್ ಶುಡ್ ಬಿ ದ ಫಾರ್ಮ್ ಸಬ್ಮಿಟೆಡ್’ ಅಂತ ಒಬ್ಬ, ‘ವೆನ್ ದ ಫಾರ್ಮ್ ಶುಡ್ ಸಬ್ಮಿಟ್’ ಅಂತ ಇನ್ನೊಬ್ಬ, ‘ವೆನ್ ಶುಡ್ ದ ಫಾರ್ಮ್ ಸಬ್ಮಿಟೆಡ್’ ಅಂತ ಮತ್ತೊಬ್ಳು. ಮೂರೂ ತಪ್ಪು. ಮಕ್ಕಳಷ್ಟೇ ಅಲ್ಲ, ಆಫೀಸಿಗೆ ಇಂಗ್ಲಿಷಲ್ಲಿ ಮೇಲ್ ಹಾಕೋ ದೊಡ್ಡವ್ರೂ ಇಲ್ಲೇ ಎಡವ್ತಾರೆ. ಸರಿಯಾದ್ದು ‘ವೆನ್ ಶುಡ್ ದ ಫಾರ್ಮ್ ಬಿ ಸಬ್ಮಿಟೆಡ್?’ ಇದನ್ನ ಪ್ರತೀ ಸಲ ತಪ್ಪಿಲ್ದೆ ಕಟ್ಟೋದು ಹೇಗೆ ಅಂತ ನೋಡ್ವ.

ಮೊದ್ಲು ಸಾಮಾನು ಜೋಡಿಸ್ಕೊಳ್ಳಿ. ಮೋಡಲ್ ಅಂದ್ರೆ ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶಲ್, ಶುಡ್, ವಿಲ್, ವುಡ್. ವರ್ಬಿನ ಮೂರನೇ ರೂಪ, ಅಂದ್ರೆ ವಿ-ತ್ರೀ, ಬಾಯಿಪಾಠ ಆಗಿರ್ಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಬಸ್‌ಸ್ಟ್ಯಾಂಡ್ ಅಂಗಡೀಲಿ ನೇತಾಡೋ ತೆಳ್ಳನೆ ಗ್ರಾಮರ್ ಗೈಡ್ ಮಾತ್ರ ತಗೋಬೇಡಿ. ಅದ್ರಲ್ಲಿ ಪ್ಲಸ್ ಚಿಹ್ನೆ ಹಾಕಿ ಒಂದು ಫಾರ್ಮುಲಾ ಕೊಟ್ಟಿರ್ತಾರೆ, ಮಕ್ಕಳು ಅದನ್ನ ಗಣಿತದ ಥರ ಉರು ಹೊಡೀತಾರೆ, ಪರೀಕ್ಷೇಲಿ ಸಬ್ಜೆಕ್ಟ್ ಸ್ವಲ್ಪ ಉದ್ದ ಆದ್ರೆ ಯಾವ್ದು ಎಲ್ಲಿ ಕೂರ್ಬೇಕು ಅಂತ ತಿಳಿಯೋದಿಲ್ಲ.

ಒಂದನೇ ಸ್ಟೆಪ್ಪು, ಆ ವರ್ಬಿಗೆ ಪ್ಯಾಸಿವ್ ಆಗೋ ಯೋಗ್ಯತೆ ಉಂಟಾ ನೋಡೋದು. ಹೋಗೋದು, ಬರೋದು, ಸಂಭವಿಸೋದು, ಇಂಥವಕ್ಕೆ ಆಬ್ಜೆಕ್ಟ್, ಅಂದ್ರೆ ಕೆಲ್ಸ ಯಾವುದರ ಮೇಲೆ ಆಗ್ತದೋ ಅದು, ಇಲ್ಲ, ಹಾಗಾಗಿ ಪ್ಯಾಸಿವ್ ಇಲ್ಲ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು ತಾನೆ, ಮುಂದಿನ್ದು ಯಾವಾಗ ಅಂತ ಕೇಳ್ಬೇಕು ಅಂದ್ಕೊಳ್ಳಿ. ‘ವೆನ್ ವಿಲ್ ದ ಜಾತ್ರೆ ಬಿ ಹ್ಯಾಪನ್ಡ್’ ಅಂದ್ರೆ ತಪ್ಪು, ಹ್ಯಾಪನ್ ಅನ್ನೋದನ್ನ ಯಾರೂ ಯಾವುದಕ್ಕೂ ಮಾಡೋಕಾಗೋದಿಲ್ಲ. ‘ವೆನ್ ವಿಲ್ ದ ಜಾತ್ರೆ ಬಿ ಹೆಲ್ಡ್’ ಅಂದ್ರೆ ಸರಿ, ಯಾಕಂದ್ರೆ ಜಾತ್ರೆಯನ್ನ ಯಾರೋ ನಡೆಸ್ತಾರೆ. ‘ವೆನ್ ವಿಲ್ ದ ಬಸ್ ಬಿ ಅರೈವ್ಡ್’ ಕೂಡ ಇದೇ ಜಾತಿ ತಪ್ಪು, ಅಲ್ಲಿ ಸುಮ್ನೆ ‘ವೆನ್ ವಿಲ್ ದ ಬಸ್ ಅರೈವ್’ ಸಾಕು.

ಎರಡನೇದು, ಪ್ರಶ್ನೆ ಬರೆಯೋ ಮೊದ್ಲು ಉತ್ತರ ಬರೀರಿ. ಉಲ್ಟಾ ಅನ್ನಿಸ್ಬಹುದು, ಆದ್ರೆ ಇದನ್ನ ಬಿಟ್ಟು ಬೇರೆ ಯಾವ ದಾರೀನೂ ನಾನು ಹೇಳೋದಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಯಾವಾಗ ಹೊಡೀಬೇಕು ಅಂತ ಕೇಳ್ಬೇಕಾ? ಉತ್ತರ ಗೊತ್ತೇ ಇದೆ, ಮಳೆಗಾಲ ಹಿಡಿಯೋ ಮೊದ್ಲು. ಅದನ್ನ ಪ್ಯಾಸಿವಲ್ಲಿ ಬರೀರಿ: ‘ಬೋರ್ಡೋ ಮಿಕ್ಸ್‌ಚರ್ ಶುಡ್ ಬಿ ಸ್ಪ್ರೇಡ್ ಬಿಫೋರ್ ದ ಮಾನ್ಸೂನ್.’ ಇಲ್ಲಿ ಶುಡ್, ಬಿ, ಸ್ಪ್ರೇಡ್ ಮೂರೂ ಸಾಲಾಗಿ ಕೂತಿದ್ದಾವೆ ನೋಡಿ.

ಇನ್ನು ಮೂರನೇದು. ಎಲ್ಲರೂ ಬೀಳೋದು ಇಲ್ಲೇ, ನಿಧಾನ ಓದಿ.

ಉತ್ತರದ ವಾಕ್ಯದಿಂದ ‘ಬಿಫೋರ್ ದ ಮಾನ್ಸೂನ್’ ತೆಗೀರಿ, ಅದರ ಬದ್ಲು ವೆನ್ ಅನ್ನು ತಂದು ಎಲ್ಲಕ್ಕಿಂತ ಮುಂದೆ ಇಡಿ. ಈಗ ಶುಡ್ ಒಂದನ್ನೇ, ಬರೀ ಶುಡ್ ಒಂದನ್ನೇ, ಎತ್ತಿ ಸಬ್ಜೆಕ್ಟಿನ ಮುಂದೆ ಇಡಿ. ‘ವೆನ್ ಶುಡ್ ಬೋರ್ಡೋ ಮಿಕ್ಸ್‌ಚರ್ ಬಿ ಸ್ಪ್ರೇಡ್?’ ಮುಗೀತು. ‘ಬಿ’ ಅಲ್ಲಾಡ್ಲಿಲ್ಲ, ‘ಸ್ಪ್ರೇಡ್’ ಅಲ್ಲಾಡ್ಲಿಲ್ಲ. ಮೋಡಲ್ ಅಂದ್ರೆ ಬಸ್ಸು ಹತ್ತಿದ ಕೂಡ್ಲೆ ಮುಂದಿನ ಕಿಟಕಿ ಸೀಟಿಗೆ ಓಡೋ ಪೋರ, ‘ಬಿ’ ಅಂದ್ರೆ ಸಿಕ್ಕ ಸೀಟಲ್ಲೇ ಕೂತು ಕಣ್ಣು ಮುಚ್ಚೋ ಅಜ್ಜ. ಪೋರನ ಜೊತೆ ಅಜ್ಜನನ್ನೂ ಎಳ್ಕೊಂಡು ಹೋದ್ರೆ ‘ವೆನ್ ಶುಡ್ ಬಿ ಬೋರ್ಡೋ ಮಿಕ್ಸ್‌ಚರ್ ಸ್ಪ್ರೇಡ್’ ಆಗ್ತದೆ, ಅದು ಇಂಗ್ಲಿಷಲ್ಲ.

ಯಾಕೆ ಎಳ್ಕೊಂಡು ಹೋಗ್ತಾರೆ ಅಂದ್ರೆ, ‘ಶುಡ್ ಬಿ’ ಅನ್ನೋದನ್ನ ಒಂದೇ ಪದ ಅಂತ ಕಲ್ತಿರ್ತಾರೆ. ಕ್ಲಾಸಲ್ಲಿ ‘ಕ್ಯಾನ್ ಬಿ, ವಿಲ್ ಬಿ, ಮಸ್ಟ್ ಬಿ’ ಅಂತ ಒಟ್ಟಿಗೆ ರಾಗ ಎಳೆಸ್ತಾರಲ್ಲ, ಅದರ ಫಲ ಇದು. ನಾನಾದ್ರೆ ಆ ಪಟ್ಟಿ ಹೇಳಿಸೋದನ್ನೇ ಬಂದ್ ಮಾಡಿ ‘ಬಿ ಸ್ಪ್ರೇಡ್, ಬಿ ಪೇಡ್, ಬಿ ಕಾಟ್, ಬಿ ಗಿವನ್’ ಅಂತ ಆ ಕಡೆ ಗಂಟು ಹಾಕಿಸ್ತೇನೆ. ‘ಬಿ’ ಇರೋದು ವಿ-ತ್ರೀ ಪಕ್ಕ, ಮೋಡಲ್ ಪಕ್ಕ ಅಲ್ಲ. ಇಷ್ಟು ತಲೇಲಿ ಕೂತ್ರೆ ಅರ್ಧ ತಪ್ಪು ತಾನಾಗೇ ಹೋಗ್ತದೆ.

ಸಬ್ಜೆಕ್ಟ್ ಉದ್ದ ಆದಷ್ಟೂ ಅಪಾಯ ಜಾಸ್ತಿ. ಮಾರ್ಚಲ್ಲಿ ಪಾಸಾದವ್ರ ಮಾರ್ಕ್ಸ್ ಕಾರ್ಡ್ ಎಲ್ಲಿ ಸಿಗ್ತದೆ ಅಂತ ಕೇಳೋಕೆ ‘ವೇರ್ ಕ್ಯಾನ್ ದ ಮಾರ್ಕ್ಸ್ ಕಾರ್ಡ್ಸ್ ಆಫ್ ದ ಸ್ಟೂಡೆಂಟ್ಸ್ ಹೂ ಪಾಸ್ಡ್ ಇನ್ ಮಾರ್ಚ್ ಬಿ ಕಲೆಕ್ಟೆಡ್?’ ಅಂತ ಬರೀಬೇಕು. ಕ್ಯಾನ್‌ನಿಂದ ಬಿ ತನಕ ಎಷ್ಟು ದೂರ ನೋಡಿ, ಅಷ್ಟು ದೂರ ನಡ್ಕೊಂಡು ಬರೋ ಹೊತ್ತಿಗೆ ‘ಬಿ’ ಮರ್ತೇ ಹೋಗಿರ್ತದೆ, ‘ಮಾರ್ಚ್ ಕಲೆಕ್ಟೆಡ್’ ಅಂತ ಬರೆದು ಎದ್ದು ಹೋಗ್ತಾರೆ. ಪೆನ್ಸಿಲ್ ತಗೊಂಡು ಸಬ್ಜೆಕ್ಟ್ ಸುತ್ತ ಒಂದು ಬಾಕ್ಸ್ ಎಳೀರಿ, ‘ದ ಮಾರ್ಕ್ಸ್ ಕಾರ್ಡ್ಸ್’ನಿಂದ ‘ಮಾರ್ಚ್’ವರೆಗೆ ಇಡೀ ಒಂದು ಬಾಕ್ಸ್. ಬಾಕ್ಸಿನ ಎಡಕ್ಕೆ ಮೋಡಲ್, ಬಲಕ್ಕೆ ‘ಬಿ’. ಬಾಕ್ಸ್ ಎಷ್ಟು ಉದ್ದ ಇದ್ರೂ ಅದೇ ಲೆಕ್ಕ.

ವಿ-ತ್ರೀ ಬಗ್ಗೆ ಒಂದೇ ಮಾತು: ‘ಬಿ ಟುಕ್’, ‘ಬಿ ರೋಟ್’ ಬೇಡ, ‘ಬಿ ಟೇಕನ್’, ‘ಬಿ ರಿಟನ್’. ಕಟ್, ಪುಟ್, ಶಟ್ ಬದಲಾಗೋದೇ ಇಲ್ಲ, ‘ಕಟೆಡ್’ ಅಂತ ಪದ ಇಲ್ಲ.

ಹೌ ಜೊತೆ ಇನ್ನೊಂದು ಪದ ಬಂದ್ರೆ ಎರಡನ್ನೂ ಒಟ್ಟಿಗೇ ಮುಂದೆ ತನ್ನಿ. ಬಾವಿ ಎಷ್ಟು ಆಳ ತೋಡ್ಬೇಕು ಅನ್ನೋಕೆ ‘ಹೌ ಡೀಪ್ ಶುಡ್ ದ ವೆಲ್ ಬಿ ಡಗ್?’ ಹೌ ಒಂದ್ ಕಡೆ ಡೀಪ್ ಇನ್ನೊಂದ್ ಕಡೆ ಮಾಡಿದ್ರೆ ಅರ್ಥಾನೇ ಕೆಟ್ಟುಹೋಗ್ತದೆ. ಹೌ ಸೂನ್, ಹೌ ಆಫನ್, ಹೌ ಫಾರ್ ಎಲ್ಲದಕ್ಕೂ ಇದೇ.

ನಾಲ್ಕನೇ ಸ್ಟೆಪ್ಪು ‘ಬೈ’, ಅಂದ್ರೆ ‘ಯಾರಿಂದ’ ಅಂತ ತೋರ್ಸೋ ಇಂಗ್ಲಿಷ್ ಪದ. ಇದನ್ನ ಹೆಚ್ಚಿನ ಕಡೆ ಬಿಟ್ಟುಬಿಡಿ ಅಂತ ನನ್ನ ಖಡಾಖಡಿ ಸಲಹೆ. ‘ವೈ ಮಸ್ಟ್ ದ ಟ್ರಾಲರ್ಸ್ ಬಿ ಕೆಪ್ಟ್ ಇನ್ ಹಾರ್ಬರ್ ಟಿಲ್ ಜುಲೈ 31?’ ಅಂತ ಕೇಳಿದ್ರೆ ಕಾರವಾರದ ಬೈತಖೋಲ್ ಬಂದರಲ್ಲಿ ನಿಂತ ಯಾರಿಗಾದ್ರೂ ಅರ್ಥ ಆಗ್ತದೆ, ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಅಂತ ಅವ್ರಿಗೆ ಗೊತ್ತು, ಕೊನೇಲಿ ‘ಬೈ ದ ಫಿಶರ್‌ಮೆನ್’ ಅಂತ ಬಾಲ ಹಚ್ಚೋ ಕೆಲ್ಸ ಇಲ್ಲ. ಯಾರು ಅಂತ ಕೇಳೋದೇ ಪ್ರಶ್ನೆ ಆದ್ರೆ ಮಾತ್ರ ಬೈ ಬೇಕೇ ಬೇಕು: ‘ಹೂ ಕ್ಯಾನ್ ಓಪನ್ ದ ಗೇಟ್’ ಹೋಗಿ ‘ಬೈ ಹೂಮ್ ಕ್ಯಾನ್ ದ ಗೇಟ್ ಬಿ ಓಪನ್ಡ್’ ಆಗ್ತದೆ. ಮಾತಲ್ಲಿ ‘ಹೂ ಕ್ಯಾನ್ ದ ಗೇಟ್ ಬಿ ಓಪನ್ಡ್ ಬೈ’ ಅಂದ್ರೂ ನಡೀತದೆ, ಪರೀಕ್ಷೇಲಿ ಮೊದಲ್ನೇದೇ ಬರೀರಿ.

ಅಷ್ಟಕ್ಕೂ ಪ್ಯಾಸಿವಲ್ಲೇ ಯಾಕೆ ಕೇಳ್ಬೇಕು ಅಂತ ಮಕ್ಕಳು ಕೇಳ್ತಾರೆ. ‘ವೆನ್ ವಿಲ್ ಯು ರಿಪೇರ್ ದ ರೋಡ್’ ಅಂತ ಆಫೀಸರಿಗೆ ಬರೆದ್ರೆ ಬೆರಳು ತೋರ್ಸಿ ಬೈದ ಹಾಗೆ, ‘ವೆನ್ ವಿಲ್ ದ ರೋಡ್ ಬಿ ರಿಪೇರ್ಡ್’ ಅಂದ್ರೆ ಗಮನ ಪೂರ್ತಿ ರಸ್ತೆ ಮೇಲೆ. ಘಟ್ಟದ ರಸ್ತೆ ಬಗ್ಗೆ ಬರೆಯೋವಾಗ ಎರಡನೇದ್ರಿಂದ ಶುರು ಮಾಡಿ, ಉತ್ತರ ಬರ್ದೇ ಇದ್ರೆ ಮೊದಲ್ನೇದು ಇದ್ದೇ ಇದೆ.

ಆಗಿಹೋದ ವಿಷ್ಯ ಕೇಳೋವಾಗ ‘ಬಿ’ ಜಾಗಕ್ಕೆ ‘ಹ್ಯಾವ್ ಬೀನ್’ ಬರ್ತದೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಲ್ಲಿ ಕುಸಿದು ಬಿತ್ತಲ್ಲ, ಅದನ್ನ ಉಳಿಸ್ಬಹುದಿತ್ತಾ, ಹೇಗೆ, ಅನ್ನೋದಕ್ಕೆ ‘ಹೌ ಕುಡ್ ದ ಓಲ್ಡ್ ಬ್ರಿಜ್ ಹ್ಯಾವ್ ಬೀನ್ ಸೇವ್ಡ್?’ ಅದೇ ಜಾಗದಲ್ಲಿ ಹೊಸ್ದು ಹೇಗೆ ಕಟ್ಬೇಕು ಅನ್ನೋಕೆ ‘ಹೌ ಶುಡ್ ದ ನ್ಯೂ ಬ್ರಿಜ್ ಬಿ ಬಿಲ್ಟ್?’ ಮುಂದೆ ಓಡೋದು ಇಲ್ಲೂ ಮೋಡಲ್ ಒಂದೇ, ಹ್ಯಾವ್ ಅನ್ನ ಅದರ ಹಿಂದೆ ಓಡಿಸ್ಬೇಡಿ.

ಈಗ ಎರಡು ಗುಂಡಿ ಇದ್ದಾವೆ, ನೋಡ್ಕೊಂಡು ದಾಟಿ. ವಾಟ್, ಹೂ, ವಿಚ್ ತಾವೇ ಸಬ್ಜೆಕ್ಟ್ ಆಗಿ ಕೂತ್ರೆ ಯಾರೂ ಎಲ್ಲಿಗೂ ಹಾರೋದಿಲ್ಲ: ‘ವಾಟ್ ಶುಡ್ ಬಿ ಡನ್?’ ಇಲ್ಲಿ ಶುಡ್ ಮತ್ತು ಬಿ ಪಕ್ಕಪಕ್ಕ ಇರೋದು ಸರೀನೇ. ಇದನ್ನ ನೋಡಿ ‘ಹಾಗಾದ್ರೆ ವೆನ್ ಶುಡ್ ಬಿ ಯಾಕೆ ತಪ್ಪು ಅಕ್ಕೋರೇ’ ಅಂತ ಕೇಳೋ ಹುಡುಗಿ ಪ್ರತೀ ಬ್ಯಾಚಲ್ಲೂ ಒಬ್ಳು ಇರ್ತಾಳೆ, ಒಳ್ಳೇ ಪ್ರಶ್ನೆ ಅದು. ವೆನ್, ವೇರ್, ವೈ, ಹೌ ಯಾವತ್ತೂ ಸಬ್ಜೆಕ್ಟ್ ಆಗೋದಿಲ್ಲ, ಅವು ಬಂದ್ರೆ ಮಧ್ಯೆ ಸಬ್ಜೆಕ್ಟಿಗೆ ಜಾಗ ಬಿಡ್ಲೇಬೇಕು.

ಇನ್ನೊಂದು ‘ಹ್ಯಾವ್ ಟು’. ಅರ್ಥದಲ್ಲಿ ಮಸ್ಟ್ ಥರಾನೇ ಕಂಡ್ರೂ ಅದು ಮುಂದೆ ಹಾರೋ ಜಾತಿ ಅಲ್ಲ. ‘ವೆನ್ ಹ್ಯಾಸ್ ದ ಫೀ ಟು ಬಿ ಪೇಡ್’ ಅಂತ ಹಳೇ ಕಾಲದವ್ರು ಬರೀತಿದ್ರು, ಈಗ ‘ವೆನ್ ಡಸ್ ದ ಫೀ ಹ್ಯಾವ್ ಟು ಬಿ ಪೇಡ್?’ ಅಂತ ಡಸ್ ತರ್ಬೇಕು. ಫೋನಲ್ಲಿರೋ ಅನುವಾದದ ಆ್ಯಪನ್ನ ನಂಬ್ಕೊಂಡು ಕೂತ್ರೆ ಸಮಾ ಉತ್ತರ ಬಂದ್ರೂ ಯಾಕೆ ಸಮಾ ಅಂತ ತಿಳಿಯೋದಿಲ್ಲ, ಪರೀಕ್ಷಾ ಹಾಲಿಗೆ ಫೋನ್ ಬಿಡೋದೂ ಇಲ್ಲ.

ಕೊನೇದು, ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆ ಒಳಗೆ ಹೋದ್ರೆ ಮೋಡಲ್ ವಾಪಸ್ ತನ್ನ ಜಾಗಕ್ಕೆ ಬರ್ತದೆ. ‘ಪ್ಲೀಸ್ ಟೆಲ್ ಮಿ ವೆನ್ ದ ಫಾರ್ಮ್ ಶುಡ್ ಬಿ ಸಬ್ಮಿಟೆಡ್.’ ಇಲ್ಲಿ ‘ವೆನ್ ಶುಡ್ ದ ಫಾರ್ಮ್’ ಅಂತ ಬರೆದ್ರೆ ತಪ್ಪು, ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಅದೂ ತಪ್ಪು.