ಆಯಿಲ್ ಬದಲಿಸುವಾಗ ಎಂಜಿನ್ ಎಷ್ಟು ಬಿಸಿಯಿರಬೇಕು: ನಮ್ಮ ಅಂಗಳದಲ್ಲಿ ನಾನು ಕಂಡುಕೊಂಡದ್ದು

ಶಿರಸಿ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಒಂದು ಹಳೆಯ ಸ್ಪ್ಲೆಂಡರ್ ಬೈಕ್ ಇದೆ. ತೋಟದ ಕೆಳಗೆ, ಹಳ್ಳದ ಬದಿಯಲ್ಲಿ ಒಂದು ಡೀಸೆಲ್ ಪಂಪ್‌ಸೆಟ್ ಇದೆ. ಎರಡರ ಎಂಜಿನ್ ಆಯಿಲನ್ನೂ ಹಲವು ವರ್ಷಗಳಿಂದ ನಾನೇ ಬದಲಿಸುತ್ತಿದ್ದೇನೆ. ಎಂಜಿನ್ ಬಿಸಿಯಿರುವಾಗ ಆಯಿಲ್ ತೆಗೆಯಬೇಕೋ, ತಣ್ಣಗಾದ ಮೇಲೆ ತೆಗೆಯಬೇಕೋ ಎಂಬ ಪ್ರಶ್ನೆಗೆ ಊರಿನಲ್ಲಿ ಎರಡು ಪಕ್ಷಗಳಿವೆ, ಮತ್ತು ನಾನು ಎರಡೂ ಪಕ್ಷದವರ ಮಾತು ಕೇಳಿ ಎರಡೂ ರೀತಿಯಲ್ಲಿ ಮಾಡಿ ನೋಡಿದ್ದೇನೆ. ಈಗ ನಾನು ಅನುಸರಿಸುವ ಅಳತೆ ಒಂದೇ: ಎಂಜಿನ್ನಿನ ಕೆಳಭಾಗಕ್ಕೆ ಅಂಗೈ ಇಟ್ಟರೆ ಬಿಸಿ ಚೆನ್ನಾಗಿ ತಾಗಬೇಕು, ಆದರೆ ಕೈ ತೆಗೆಯಬೇಕೆನಿಸಬಾರದು.

ಈ ಅಳತೆಗೆ ಬಂದದ್ದು ಒಂದು ಪೆಟ್ಟಿನಿಂದ. ಮೊದಲ ಸಲ ಆಯಿಲ್ ಬದಲಿಸಿದ ದಿನ ನಾನು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಮನೆಗೆ ಬಂದಿದ್ದೆ. ಬಿಸಿ ಎಣ್ಣೆ ಪೂರ್ತಿ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನೆನೆದು, ಬೈಕನ್ನು ಅಂಗಳದಲ್ಲಿ ನಿಲ್ಲಿಸಿದ ಐದು ನಿಮಿಷಕ್ಕೆ, ಎಣ್ಣೆ ಇಳಿಸಲು ಎಂಜಿನ್ನಿನ ತಳದಲ್ಲಿರುವ ಡ್ರೈನ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಬೋಲ್ಟ್ ಕೊನೆಯ ಸುತ್ತಿಗೆ ಬಂದಾಗ ಎಣ್ಣೆ ಒಮ್ಮೆಲೇ ಚಿಮ್ಮಿ ಮಣಿಕಟ್ಟಿನ ಮೇಲೆ ಹರಿಯಿತು; ಕೈ ಎಳೆದುಕೊಳ್ಳುವಾಗ ಸೈಲೆನ್ಸರ್ ಕೊಳವೆಯೂ ತಾಗಿತು. ಸುಟ್ಟ ಗಾಯ ಎರಡು ವಾರದಲ್ಲಿ ಮಾಗಿತು. ಅದಕ್ಕಿಂತ ದುಬಾರಿಯಾದದ್ದು ಆಮೇಲೆ ಆದ ತಪ್ಪು: ಉರಿಯುವ ಕೈಯಲ್ಲಿ ಬೋಲ್ಟನ್ನು ಅವಸರದಿಂದ ತಿರುಗಿಸಿದಾಗ ಅದು ಓರೆಯಾಗಿ ಹತ್ತಿತು, ನಾನು ಬಿಗಿ ಸಾಲದೆಂದು ಸ್ಪ್ಯಾನರಿನಿಂದ ಒತ್ತಿದೆ, ಥ್ರೆಡ್ ಹೋಯಿತು. ಎಂಜಿನ್ನಿನ ಹೊರಕವಚ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ಇವೆರಡು ಜಗಳವಾಡಿದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಕೊನೆಗೆ ಲೇತ್ ಕೆಲಸದವರೊಬ್ಬರು ಹೊಸ ಥ್ರೆಡ್ ಕೊರೆದು, ದಪ್ಪದ ಬೋಲ್ಟ್ ಕೂರಿಸಿಕೊಟ್ಟರು. ಕೆಲಸ ಮುಗಿಸಿ ಅವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಹೆಗಡೇರೆ, ಎಣ್ಣೆ ಬಿಸಿ ಇರ್ಲಿ, ಆದ್ರೆ ಬೋಲ್ಟ್ ಹಿಡಿದ ಕೈ ಅವಸರ ಮಾಡೋವಷ್ಟು ಬಿಸಿ ಬೇಡ."

ಆ ಹೆದರಿಕೆಯಿಂದ ಮುಂದಿನ ಸಲ ನಾನು ಪೂರ್ತಿ ವಿರುದ್ಧ ದಿಕ್ಕಿಗೆ ಹೋದೆ. ಜನವರಿ ತಿಂಗಳ ಬೆಳಿಗ್ಗೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ರಾತ್ರಿಯಿಡೀ ನಿಂತಿದ್ದ ಬೈಕಿನ ಬೋಲ್ಟ್ ತೆಗೆದೆ. ಕೈಗೆ ಏನೂ ಆಗಲಿಲ್ಲ, ಆದರೆ ಎಣ್ಣೆ ಚಳಿಗಾಲದ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯಿತು, ಮತ್ತು ಅರ್ಧ ಗಂಟೆ ಕಳೆದರೂ ಹನಿ ನಿಲ್ಲಲಿಲ್ಲ. ತಿಂಡಿ ತಿಂದು, ತೋಟಕ್ಕೊಂದು ಸುತ್ತು ಹೋಗಿ ಬರುವವರೆಗೂ ಹಾಗೆಯೇ ಬಿಟ್ಟೆ. ಕೊನೆಗೆ ಅಳತೆಯ ಜಗ್ಗಿಗೆ ಸುರಿದು ನೋಡಿದರೆ ಇಳಿದ ಪ್ರಮಾಣದಲ್ಲಿ ಹಿಂದಿನ ಸಲಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ತಣ್ಣಗಿನ ಪಕ್ಷದವರ ವಾದದಲ್ಲಿ ಇಷ್ಟು ಸತ್ಯವಿದೆ ಎಂದು ಒಪ್ಪಲೇಬೇಕು: ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಮೇಲಿನ ಭಾಗದ ಎಣ್ಣೆಯೆಲ್ಲ ಕೆಳಗೆ ಬಂದು ಸೇರಿರುತ್ತದೆ, ಮತ್ತು ಕಾಯುವ ತಾಳ್ಮೆಯಿದ್ದರೆ ಅದು ಇಳಿದೇ ಇಳಿಯುತ್ತದೆ.

ಹಾಗಾದರೆ ಬಿಸಿ ಮಾಡುವ ಅಗತ್ಯವೇನು ಎಂದು ಕೇಳಬಹುದು. ಡಬ್ಬಿಯ ಮೇಲಿನ ಅಂಕಿಗಳಿಂದಲೇ ಉತ್ತರ ಆರಂಭಿಸುತ್ತೇನೆ. ನಮ್ಮ ಬೈಕಿಗೆ ಹಾಕುವುದು 10ಡಬ್ಲ್ಯೂ-30. ಇದನ್ನು ಓದಿದ ಅನೇಕರು ಎಂಜಿನ್ ತಣ್ಣಗಿರುವಾಗ ಎಣ್ಣೆ 10ರಷ್ಟು ತೆಳ್ಳಗೂ, ಬಿಸಿಯಾದಾಗ 30ರಷ್ಟು ದಪ್ಪವೂ ಆಗುತ್ತದೆಂದು ತಿಳಿಯುತ್ತಾರೆ, ಅದು ತಪ್ಪು. ಎಣ್ಣೆ ತಣ್ಣಗಾದಷ್ಟೂ ಮಂದವೇ ಆಗುತ್ತದೆ. ಡಬ್ಲ್ಯೂ ಎಂದರೆ ವಿಂಟರ್, ಅಂದರೆ ನಮ್ಮಲ್ಲಿ ಎಂದೂ ಬಾರದ ಹಿಮದ ಚಳಿಯಲ್ಲಿ ಎಂಜಿನ್ ತಿರುಗಲು ಎಣ್ಣೆ ಎಷ್ಟು ಬಿಟ್ಟುಕೊಡುತ್ತದೆ ಎಂಬುದರ ದರ್ಜೆ. ಹಿಂದಿನ 30 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ದರ್ಜೆ. ಆ ಬಿಸಿಯಲ್ಲಿ ಅದರ ಸ್ನಿಗ್ಧತೆ, ಅಂದರೆ ಮಂದತನ, 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತನ ಅಳೆಯುವ ಮಾನ) ಒಳಗಿರಬೇಕು. ಅದೇ ಎಣ್ಣೆ 40 ಡಿಗ್ರಿಯಲ್ಲಿ ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿರುತ್ತದೆ, ಶಿರಸಿಯ ಜನವರಿ ಬೆಳಗಿನ ಚಳಿಯಲ್ಲಿ ಅದಕ್ಕಿಂತ ಹಲವು ಪಟ್ಟು ಮಂದವಾಗಿರುತ್ತದೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ಚಳಿಯಿಂದ 50 ಡಿಗ್ರಿಯವರೆಗಿನ ಬಿಸಿಯಲ್ಲೇ ಎಣ್ಣೆ ತನ್ನ ಮಂದತನದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಅಲ್ಲಿಂದ 100 ಡಿಗ್ರಿಗೆ ಏರಿಸಿದರೆ ಇಳಿಯುವ ವೇಗದಲ್ಲಿ ಸಿಗುವ ಲಾಭ ಅಲ್ಪ, ಕೈ ಸುಡುವ ಅಪಾಯ ಮಾತ್ರ ಬಹಳ.

ತಣ್ಣಗಿನ ಎಂಜಿನ್ ಎಂಬ ಮಾತಿಗೆ ಎಲ್ಲ ಕಡೆ ಒಂದೇ ಅರ್ಥವಿಲ್ಲ ಎಂಬುದನ್ನೂ ನಾನು ತಡವಾಗಿ ಗಮನಿಸಿದೆ. ಅಂಕೋಲಾದಲ್ಲಿರುವ ತಂಗಿಯ ಮನೆಗೆ ಮೇ ತಿಂಗಳಲ್ಲಿ ಹೋಗಿದ್ದಾಗ ಅವಳ ಸ್ಕೂಟರಿನ ಆಯಿಲ್ ಬದಲಿಸಿಕೊಟ್ಟೆ. ಒಂದು ದಿನ ಪೂರ್ತಿ ನಿಂತಿದ್ದ ಸ್ಕೂಟರ್ ಅದು, ಆದರೂ ಎಣ್ಣೆ ನೀರಿನಂತಲ್ಲದಿದ್ದರೂ ಸರಾಗವಾಗಿ ಇಳಿಯಿತು, ಏಕೆಂದರೆ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ನೆರಳಿನಲ್ಲಿಯೂ ಮೂವತ್ತು ಡಿಗ್ರಿ ದಾಟಿರುತ್ತದೆ. ಕಾರವಾರ, ಕುಮಟಾ, ಹೊನ್ನಾವರದ ಕಡೆಯವರು ಬೇಸಿಗೆಯಲ್ಲಿ ತಣ್ಣಗೇ ತೆಗೆಯುತ್ತೇವೆ ಎಂದರೆ ನಾನು ವಾದಿಸುವುದಿಲ್ಲ. ಘಟ್ಟದ ಮೇಲಿನ ನಮಗೆ ಚಳಿಗಾಲದಲ್ಲಿ ಅದು ಒಗ್ಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಪ್ರಸಂಗವಶಾತ್ ಒಂದು ಮಾತು: ಸ್ಕೂಟರಿನ ಆಯಿಲ್ ಉಳಿಯಿತೆಂದು ಬೈಕಿಗೆ ಸುರಿಯಬಾರದು. ಬೈಕಿನ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಆದ್ದರಿಂದ ಅದಕ್ಕೆ ಜಾಸೊ ಎಂಬ ಜಪಾನಿ ಮಾನದಂಡದ ಎಂಎ ದರ್ಜೆಯ ಎಣ್ಣೆ ಬೇಕು. ಸ್ಕೂಟರಿನ ಎಂಬಿ ದರ್ಜೆಯ ಎಣ್ಣೆಯಲ್ಲಿ ಕ್ಲಚ್ ಜಾರುವ ಸಂಭವವಿದೆ.

ಆದರೆ ಬಿಸಿಯ ಪರವಾಗಿ ನನ್ನ ಮನಸ್ಸನ್ನು ಪೂರ್ತಿ ಒಲಿಸಿದ್ದು ಎಣ್ಣೆಯ ವೇಗವಲ್ಲ, ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೈಕ್ ಓಡುವುದೆಲ್ಲ ಮನೆಯಿಂದ ತೋಟಕ್ಕೆ, ತೋಟದಿಂದ ಹಾಲಿನ ಡೇರಿಗೆ, ಒಂದೆರಡು ಕಿಲೋಮೀಟರಿನ ಓಟ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಒಂದಿಷ್ಟು ಪಿಸ್ಟನ್ ದಾಟಿ ಕೆಳಗಿಳಿದು, ತಣ್ಣಗಿನ ಗೋಡೆಗೆ ತಾಗಿ ನೀರಾಗಿ ಎಣ್ಣೆ ಸೇರುತ್ತದೆ. ಒಂದು ಆಗಸ್ಟಿನಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ತೆಗೆದಾಗ ಅದರ ಮುಚ್ಚಳದ ಒಳಬದಿಯಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣದ ನೊರೆ ಅಂಟಿತ್ತು. ಅಂಥ ಎಂಜಿನ್ನನ್ನು ತಣ್ಣಗಿರುವಾಗಲೇ ಬಿಚ್ಚಿದರೆ ನೊರೆ ಗೋಡೆಗೆ ಕಚ್ಚಿಕೊಂಡು ಒಳಗೇ ಉಳಿಯುತ್ತದೆ, ಹೊಸ ಎಣ್ಣೆಯನ್ನು ಮೊದಲ ದಿನವೇ ಕೆಡಿಸುತ್ತದೆ. ಈಗ ನಾನು ಮಳೆಗಾಲದಲ್ಲಿ ಆಯಿಲ್ ಬದಲಿಸುವ ದಿನ ಬೈಕನ್ನು ಬೇಕೆಂದೇ ಶಿರಸಿ ಪೇಟೆಯವರೆಗೆ ಓಡಿಸಿ, ಸಂತೆಯನ್ನೋ ಔಷಧಿಯನ್ನೋ ತಂದು, ಮನೆಗೆ ಬಂದು ಮುಕ್ಕಾಲು ಗಂಟೆ ಸುಮ್ಮನೆ ಬಿಡುತ್ತೇನೆ. ಅಷ್ಟು ದೂರದ ಓಟದಲ್ಲಿ ನೀರು ಆವಿಯಾಗಿ ಹೋಗುತ್ತದೆ, ತಳದಲ್ಲಿ ಕೂತಿದ್ದ ಕೆಸರು ಕದಡಿ ಎಣ್ಣೆಯ ಜೊತೆ ಹೊರಬರುತ್ತದೆ.

ಕೊಳೆಯ ವಿಷಯದಲ್ಲಿ ಎರಡೂ ಪಕ್ಷದವರು ಸ್ವಲ್ಪ ಅತಿ ಮಾಡುತ್ತಾರೆ. ಮಸಿಯಂಥ ಸೂಕ್ಷ್ಮ ಕಣಗಳನ್ನು ಎಣ್ಣೆಯಲ್ಲಿ ಬೆರೆಸಿರುವ ರಾಸಾಯನಿಕಗಳು ತೇಲಿಸಿಯೇ ಇಟ್ಟಿರುತ್ತವೆ. ಒಂದು ರಾತ್ರಿ ನಿಂತ ಮಾತ್ರಕ್ಕೆ ಅವು ತಳಕ್ಕಿಳಿಯುವುದಿಲ್ಲ. ಇಳಿಯುವುದು ಲೋಹದ ಚೂರು ಮತ್ತು ದಪ್ಪ ಕೆಸರು. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಎಣ್ಣೆ ಹಾಕಿ ಒಂದು ತಾಸು ನೀರು ಹಾಯಿಸುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ, ಅದು ಎಣ್ಣೆ ತನ್ನ ಕೆಲಸ ಮಾಡುತ್ತಿರುವ ಗುರುತು. ಅದನ್ನು ನಾನು ಬೇಸಿಗೆಯ ಸಂಜೆ, ತೋಟಕ್ಕೆ ನೀರು ಬಿಟ್ಟು ಮುಗಿದ ಮೇಲೆ, ಅಂಗೈ ತಾಳುವ ಹೊತ್ತಿಗೆ ಬಿಚ್ಚುತ್ತೇನೆ.

ಕೆಲಸದ ಕ್ರಮ ಸರಳ. ಬೈಕನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಮೊದಲು ಮೇಲಿನ ಮುಚ್ಚಳ ಸಡಿಲಿಸುತ್ತೇನೆ. ಗಾಳಿ ಒಳಹೋದರೆ ಎಣ್ಣೆ ಕುದುಕುದು ಬೀಳದೆ ಒಂದೇ ಧಾರೆಯಾಗಿ ಇಳಿಯುತ್ತದೆ. ಡ್ರೈನ್ ಬೋಲ್ಟನ್ನು ಕೊನೆಯ ಸುತ್ತಿನವರೆಗೂ ಮೇಲಕ್ಕೆ ಒತ್ತಿ ಹಿಡಿದಿದ್ದು, ಆಮೇಲೆ ಥಟ್ಟನೆ ಪಕ್ಕಕ್ಕೆ ತೆಗೆಯುತ್ತೇನೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹನಿ ನಿಲ್ಲುತ್ತದೆ. ವಾಷರನ್ನು ಪ್ರತಿ ಸಲವೂ ಹೊಸದು ಹಾಕುತ್ತೇನೆ, ಮತ್ತು ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದ ಮಾತ್ರ ತಿರುಗಿಸುತ್ತೇನೆ. ಬೆರಳಿಗೆ ಒಗ್ಗದ ಬೋಲ್ಟಿಗೆ ಸ್ಪ್ಯಾನರ್ ಹಾಕುವುದನ್ನು ಆ ಮೊದಲ ದಿನದ ನಂತರ ನಾನು ಬಿಟ್ಟಿದ್ದೇನೆ.

ಹಳೆಯ ಎಣ್ಣೆಯನ್ನು ಒರಲೆ ಹತ್ತದಿರಲೆಂದು ಬೇಲಿಯ ಕಂಬಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ, ನಾವೂ ಬಳಿಯುತ್ತಿದ್ದೆವು. ಮಳೆ ಬಂದಾಗ ಅದು ತೊಳೆದು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಸೇರುವುದನ್ನು ಬಣ್ಣದ ಪೊರೆಯಾಗಿ ಕಣ್ಣಾರೆ ಕಂಡ ಮೇಲೆ ನಿಲ್ಲಿಸಿದ್ದೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ಖಾಲಿ ಕ್ಯಾನಿನಲ್ಲಿ ಕೂಡಿಟ್ಟು, ಎಣ್ಣೆ ಸಂಗ್ರಹಿಸುವವರು ಬರುವ ಗ್ಯಾರೇಜಿಗೆ ಕೊಡುತ್ತೇನೆ.

ಹೊಸ ಎಣ್ಣೆ ಹಾಕಿ, ಎಂಜಿನ್ನನ್ನು ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಬಿಟ್ಟು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡುತ್ತೇನೆ. ಸ್ಪ್ಲೆಂಡರಿನಲ್ಲಿ ಅದನ್ನು ತಿರುಗಿಸಿ ಬಿಗಿ ಮಾಡದೆ, ಬಾಯಿಯ ಮೇಲೆ ಸುಮ್ಮನೆ ಕೂರಿಸಿ ನೋಡಬೇಕು. ರಾತ್ರಿ ಮಲಗುವ ಮೊದಲು ಎಂಜಿನ್ನಿನ ಕೆಳಗೆ ಒಂದು ಒಣಗಿದ ಅಡಿಕೆ ಹಾಳೆಯನ್ನು ಹಾಸಿಟ್ಟು, ಬೆಳಿಗ್ಗೆ ಎದ್ದು ಅದರ ಮೇಲೆ ಹನಿ ಬಿದ್ದಿದೆಯೇ ಎಂದು ನೋಡುತ್ತೇನೆ.